ಸೀಸೆಯ ಮೇಲಿನ 9ಎಚ್, ಬೀದಿಯ ಮೇಲಿನ ಮರಳು

ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಲು ಹೋದವರಿಗೆ ಅಂಗಡಿಯವರು ಮೊದಲು ತೋರಿಸುವುದು ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟ್ಟ ಸೀಸೆಯನ್ನು. ಅದರ ಮೇಲೆ ದಪ್ಪಕ್ಷರದಲ್ಲಿ ‘9ಎಚ್’ ಎಂದಿರುತ್ತದೆ. ‘ವಜ್ರಕ್ಕೆ ಹತ್ತು ಸರ್, ಇದಕ್ಕೆ ಒಂಬತ್ತು’ ಎಂಬ ವಿವರಣೆಯೂ ಜೊತೆಗೆ ಬರುವುದುಂಟು. ಕೇಳಿದವರ ಕಣ್ಣ ಮುಂದೆ, ಕೀಲಿಕೈಯಲ್ಲಿ ಗೀಚಿದರೂ ಗೆರೆ ಬೀಳದ ಬಾನೆಟ್ ಒಂದು ಮಿಂಚಿ ಹೋಗುತ್ತದೆ. ಆದರೆ ಆ ಒಂಬತ್ತಕ್ಕೂ ವಜ್ರದ ಹತ್ತಕ್ಕೂ ಯಾವ ನೆಂಟಸ್ತನವೂ ಇಲ್ಲ. 9ಎಚ್ ಬಂದಿರುವುದು ಚಿನಿವಾರಪೇಟೆಯಿಂದಲ್ಲ. ಡ್ರಾಯಿಂಗ್ ಸಾಮಾನು ಮಾರುವ ಅಂಗಡಿಯಿಂದ.

ಶಾಲೆಯಲ್ಲಿ ಎಚ್‌ಬಿ ಪೆನ್ಸಿಲ್ ಹಿಡಿದವರಿಗೆಲ್ಲ ಈ ಅಳತೆ ಗೊತ್ತು. ಬಿ ಹೆಚ್ಚಾದಂತೆ ಸೀಸ ಮೆದು, ಎಚ್ ಹೆಚ್ಚಾದಂತೆ ಗಟ್ಟಿ. ಬಣ್ಣ ತಯಾರಿಸುವ ಕಾರ್ಖಾನೆಗಳಲ್ಲಿ ಒಣಗಿದ ಬಣ್ಣದ ಗಡಸುತನ ನೋಡಲು ಇದೇ ಪೆನ್ಸಿಲ್‌ಗಳನ್ನು ಬಳಸುವ ಹಳೆಯ ಪರೀಕ್ಷೆಯೊಂದಿದೆ. ಪೆನ್ಸಿಲ್ಲಿನ ತುದಿಯನ್ನು ಚಪ್ಪಟೆಯಾಗಿ ತೇಯ್ದು, 45 ಡಿಗ್ರಿ ಓರೆಯಲ್ಲಿಟ್ಟು, 750 ಗ್ರಾಂ ಭಾರ ಹೇರಿ ಮುಂದಕ್ಕೆ ತಳ್ಳುತ್ತಾರೆ. ಗೀರು ಬೀಳದಿದ್ದರೆ ಅದಕ್ಕಿಂತ ಗಟ್ಟಿಯಾದ ಪೆನ್ಸಿಲ್. 9ಎಚ್ ಪೆನ್ಸಿಲ್ಲಿಗೂ ಗೀರು ಬೀಳದಿದ್ದರೆ ಆ ಲೇಪ 9ಎಚ್. ಪೆನ್ಸಿಲ್ ಎಷ್ಟೇ ಗಟ್ಟಿಯೆಂದರೂ ಒಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು, ಅಷ್ಟೆ.

ವಜ್ರಕ್ಕೆ ಹತ್ತು ಅಂಕ ಕೊಟ್ಟದ್ದು ಬೇರೆಯೇ ಒಂದು ಮಾಪನ. ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ 1812ರಲ್ಲಿ ರೂಪಿಸಿದ ಆ ಪಟ್ಟಿಯಲ್ಲಿ ಒಂದನೆಯದು ಬಳಪದ ಕಲ್ಲು, ಹತ್ತನೆಯದು ವಜ್ರ. ಕಿಟಕಿ ಗಾಜು ಸುಮಾರು 5.5ರ ಹತ್ತಿರ ಬರುತ್ತದೆ. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, 7. ಈ ಏಳರ ಮೇಲೆ ಗಮನವಿರಲಿ. ನಮ್ಮ ರಸ್ತೆಯ ದೂಳಿನಲ್ಲಿ, ಕಟ್ಟಡ ಕಟ್ಟುವಲ್ಲಿ ಹಾರುವ ಮರಳಿನಲ್ಲಿ, ಲಾರಿ ಹಿಂದೆ ಏಳುವ ಮಣ್ಣಿನಲ್ಲಿ ತುಂಬಿರುವುದು ಇದೇ ಬೆಣಚಿನ ಪುಡಿ. ಗಾಜನ್ನೇ ಗೀಚಬಲ್ಲ ಅದರ ಮುಂದೆ ಪೆನ್ಸಿಲ್ ಪರೀಕ್ಷೆ ಪಾಸಾದ ಲೇಪದ ಆಟ ಎಷ್ಟು ಹೊತ್ತು?

ಹಾಗೆಂದು ಸೀಸೆಯ ಮೇಲೆ ಬರೆದಿರುವುದು ಸುಳ್ಳು ಎನ್ನಲಾಗದು. ಪರೀಕ್ಷೆ ನಿಜ, ಫಲಿತಾಂಶವೂ ನಿಜ. ಆದರೆ ಪರೀಕ್ಷೆ ನಡೆದದ್ದು ಗಟ್ಟಿ ಹಲಗೆಯ ಮೇಲೆ, ಪೆನ್ಸಿಲ್ಲಿನಿಂದ. ಕಾರು ಓಡುವುದು ಬಳ್ಳಾರಿ ರಸ್ತೆಯಲ್ಲಿ. ಕಾರು ಚಂದಗಾಣಿಸುವ ಸಾಮಾನುಗಳ ಈ ದೊಡ್ಡ ಸಂತೆಯಲ್ಲಿ ಮೋಸಕ್ಕಿಂತ ಹೆಚ್ಚಾಗಿ ಸಿಗುವುದು ಇಂಥ ಜಾಗ ತಪ್ಪಿದ ಸತ್ಯಗಳು. ಒಂದು ಕಡೆ ಸರಿಯಾಗಿಯೇ ನಡೆದದ್ದನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಬಂದು ಮಾರುತ್ತಾರೆ.

ಇಂದಿನ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಎಲ್ಲ ಸೇರಿ ನೂರರಿಂದ ನೂರೈವತ್ತು ಮೈಕ್ರಾನ್ ಇದ್ದರೆ ಹೆಚ್ಚು. ಹೊಳಪು ಕೊಡುವ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್. ಮನುಷ್ಯನ ಒಂದು ತಲೆಗೂದಲಿಗಿಂತ ತೆಳು. ಅದರ ಮೇಲೆ ಕೂರುವ ಸೆರಾಮಿಕ್ ಲೇಪ ಒಂದೆರಡು ಮೈಕ್ರಾನ್ ಇದ್ದರೆ ದೊಡ್ಡದು. ಅಡಿಯಲ್ಲಿರುವುದು ಮೆದುವಾದ ಪ್ಲಾಸ್ಟಿಕ್ಕಿನಂಥ ಪದರವಾದ್ದರಿಂದ ಮೇಲಿನ ಪೊರೆ ಎಷ್ಟು ಗಡಸಾದರೂ ಸಣ್ಣ ಕಲ್ಲು ಸಿಡಿದಾಗ ಎರಡೂ ಒಟ್ಟಿಗೇ ತಗ್ಗಿ ಒಡೆಯುತ್ತವೆ. ಮೊಸರಿನ ಮೇಲಿನ ಕೆನೆ ಎಷ್ಟು ಗಟ್ಟಿಯಾದರೇನು, ಬೆರಳು ಒತ್ತಿದರೆ ಒಳಗಿನದು ಮೊಸರೇ ತಾನೆ. ಕಲ್ಲೇಟಿಗೆ ಅಡ್ಡ ನಿಲ್ಲಬಲ್ಲದ್ದು ಪಾಲಿಯುರೆಥೇನ್ ಫಿಲ್ಮ್, ಅಂಗಡಿಯವರ ಬಾಯಲ್ಲಿ ‘ಪಿಪಿಎಫ್’. ಅದರ ದಪ್ಪ 150ರಿಂದ 200 ಮೈಕ್ರಾನ್. ಬೆಲೆಯೂ ಅಷ್ಟೇ ದಪ್ಪ.

ಇನ್ನು ಈ ಪೊರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೇಗೆ ಬಾಳುತ್ತದೆ ನೋಡಬೇಕು. ಬೆಳಗಿನ ಐದೂವರೆಗೆ ಕಾರು ಒರೆಸುವ ಹುಡುಗ ಬರುತ್ತಾನೆ. ಕೈಯಲ್ಲಿ ಒಂದು ಬಕೆಟ್, ಎರಡು ಬಟ್ಟೆ. ಒಂದು ಕಾರಿಗೆ ತಿಂಗಳಿಗೆ ಸಿಗುವುದು ಕೆಲವು ನೂರು ರೂಪಾಯಿ. ಎಂಟು ಗಂಟೆಯೊಳಗೆ ಇಪ್ಪತ್ತು ಕಾರು ಮುಗಿಸಬೇಕು. ಮೊದಲನೆಯ ಕಾರಿನ ದೂಳು ಬಕೆಟ್ಟಿನ ತಳ ಸೇರುತ್ತದೆ. ಐದನೆಯ ಕಾರಿನ ಹೊತ್ತಿಗೆ ನೀರು ಚಹಾದ ಬಣ್ಣ, ಹತ್ತನೆಯದರ ಹೊತ್ತಿಗೆ ಕಾಫಿಯ ಬಣ್ಣ. ಹದಿನೈದನೆಯ ಕಾರಿನ ಬಾನೆಟ್ ಮೇಲೆ ಆಡುವ ಬಟ್ಟೆಯ ಎಳೆಗಳಲ್ಲಿ ಹದಿನಾಲ್ಕು ಕಾರುಗಳ ಬೆಣಚಿನ ಪುಡಿ ಸಿಕ್ಕಿಕೊಂಡಿರುತ್ತದೆ. ಒರೆಸುವುದೂ ಸುತ್ತು ಸುತ್ತಾಗಿ. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಕಾರು ನಿಂತಾಗ ಜೇಡರ ಬಲೆಯ ಹಾಗೆ ಕಾಣುವ ಸಾವಿರಾರು ಸಣ್ಣ ಗೆರೆಗಳು ಹುಟ್ಟುವುದು ಹೀಗೆ. ಹುಡುಗನನ್ನು ದೂರಿ ಫಲವಿಲ್ಲ. ಆ ಸಂಬಳಕ್ಕೆ, ಆ ನೀರಿಗೆ, ಆ ಸಮಯಕ್ಕೆ ಅದಕ್ಕಿಂತ ಬೇರೆ ರೀತಿ ಸಾಧ್ಯವೂ ಇಲ್ಲ. ಮೂವತ್ತು ಸಾವಿರ ಕೊಟ್ಟು ಕೋಟಿಂಗ್ ಮಾಡಿಸಿದ ಮಾಲೀಕರು ಮುನ್ನೂರು ರೂಪಾಯಿಯ ಹೊಸ ಬಟ್ಟೆ ಕೊಡಿಸಲು ಹಿಂದೆಮುಂದೆ ನೋಡುವುದನ್ನೂ ಇಲ್ಲಿ ಸೇರಿಸಬೇಕು.

ನೀರಿನ ಹನಿಗಳದ್ದು ಇನ್ನೊಂದು ಕತೆ. ಕೋಟಿಂಗ್ ಮಾಡಿದ ಬಾನೆಟ್ಟಿನ ಮೇಲೆ ನೀರು ಸುರಿದು, ಅದು ಮುತ್ತುಗಳಾಗಿ ಉರುಳಿಹೋಗುವ ವಿಡಿಯೊ ನೋಡದವರಿಲ್ಲ. ‘ತಾವರೆ ಎಲೆಯ ಹಾಗೆ’ ಎಂಬ ಮಾತೂ ಅದರ ಜೊತೆಗಿರುತ್ತದೆ. ತಾವರೆಯ ಎಲೆಗೆ ನೀರು ಅಂಟದು ಎಂಬುದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ವಿಷಯ. ಏಕೆ ಅಂಟದು ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಬಿಡಿಸಿ ತೋರಿಸಿದರು. ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಗುಬುಟುಗಳಿವೆ, ಅವುಗಳ ಮೇಲೆ ಮೇಣದ ಹರಳುಗಳಿವೆ. ನೀರಿನ ಹನಿ ಆ ತುದಿಗಳ ಮೇಲೆ ಮಾತ್ರ ಕೂರುವುದರಿಂದ ಹೆಚ್ಚುಕಡಿಮೆ ಪೂರ್ಣ ಗೋಳವಾಗಿ ನಿಲ್ಲುತ್ತದೆ. ಹನಿಯ ಅಂಚು ಎಲೆಯನ್ನು ಮುಟ್ಟುವ ಕೋನ 160 ಡಿಗ್ರಿಯ ಸುಮಾರು. ಕಾರಿನ ಕೋಟಿಂಗ್ ಮೇಲೆ ಈ ಕೋನ ಸಾಮಾನ್ಯವಾಗಿ 100ರಿಂದ 110. ಬಾನೆಟ್ ನುಣ್ಣಗಿರಬೇಕು, ಮಿರುಗಬೇಕು. ಗುಬುಟು ಬಂದರೆ ಹೊಳಪು ಹೋಯಿತು. ತಾವರೆ ಎಲೆಯನ್ನು ನೋಡಿ, ಅದು ಮಿರುಗುವುದಿಲ್ಲ.

ಇದರ ಪರಿಣಾಮ ವಿಚಿತ್ರ. ಹನಿ ಮುತ್ತಾಗುವಷ್ಟು ಮೇಲೇಳುತ್ತದೆ, ಆದರೆ ಉರುಳಿ ಹೋಗುವಷ್ಟಲ್ಲ. ಸಮತಟ್ಟಾದ ಬಾನೆಟ್, ರೂಫ್ ಮೇಲೆ ನೂರಾರು ಹನಿಗಳು ನಿಂತಲ್ಲೇ ಒಣಗುತ್ತವೆ. ಮಳೆನೀರಾದರೆ ಅಷ್ಟು ತೊಂದರೆಯಿಲ್ಲ. ಬೋರ್‌ವೆಲ್ ನೀರಾದರೆ ಪ್ರತಿ ಹನಿಯೂ ತನ್ನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಒಂದು ಬಿಳಿ ಉಂಗುರವಾಗಿ ಬಿಟ್ಟುಹೋಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬಯಲುಸೀಮೆಯ ಆಳ ಕೊಳವೆಬಾವಿಗಳ ನೀರು ಹೇಗಿರುತ್ತದೆಂದು ಬಿಸಿನೀರಿನ ಗೀಸರ್ ರಿಪೇರಿ ಮಾಡುವವರನ್ನು ಕೇಳಿದರೆ ಸಾಕು. ಕಾಯಿಲ್ ಮೇಲೆ ಸುಣ್ಣದ ಗಾರೆ ಕಟ್ಟಿರುವುದನ್ನು ತೋರಿಸುತ್ತಾರೆ. ಅದೇ ಗಾರೆಯ ಚುಕ್ಕೆಗಳು ಕಾರಿನ ಮೇಲೆ. ಏನೂ ಹಚ್ಚದ ಕಾರಿನ ಮೇಲೆ ನೀರು ಹಾಳೆಯಾಗಿ ಹರಡಿ ತೆಳ್ಳನೆಯ ಮಬ್ಬು ಬಿಡುತ್ತದೆ. ಕೋಟಿಂಗ್ ಮಾಡಿದ ಕಾರಿನ ಮೇಲೆ ಎದ್ದು ಕಾಣುವ ಚುಕ್ಕೆಗಳನ್ನು ಬಿಡುತ್ತದೆ. ಹಣ ಕೊಟ್ಟು ಚುಕ್ಕೆ ಕೊಂಡಂತೆ! ತೊಳೆದ ಕೂಡಲೇ ಒಣಬಟ್ಟೆಯಿಂದ ಒತ್ತಿ ತೆಗೆದರೆ ಈ ತಾಪತ್ರಯವಿಲ್ಲ, ನಿಜ. ಆ ಮಾತು ಸೀಸೆಯ ಮೇಲೆ ಎಲ್ಲಿಯೂ ದಪ್ಪಕ್ಷರದಲ್ಲಿರುವುದಿಲ್ಲ.

ನೀರೇ ಬೇಡ ಎನ್ನುವ ಸ್ಪ್ರೇಗಳೂ ಇವೆ. ಬೆಂಗಳೂರಿನಲ್ಲಿ ಅವಕ್ಕೊಂದು ಬೇಡಿಕೆಯ ಕಾರಣ 2024ರ ಮಾರ್ಚಿನಲ್ಲಿ ಸಿಕ್ಕಿತು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಳ ಮುಂದೆ ಜನ ಸಾಲುಗಟ್ಟಿದ ಆ ಬೇಸಿಗೆಯಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಮಾತಿಗಷ್ಟೇ ನಿಲ್ಲಲಿಲ್ಲ, ಕೆಲವೇ ದಿನಗಳಲ್ಲಿ 22 ಮನೆಗಳಿಂದ ಒಟ್ಟು 1.1 ಲಕ್ಷ ರೂಪಾಯಿ ವಸೂಲಾಯಿತು. 2025ರ ಫೆಬ್ರುವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಇಂಥ ಹೊತ್ತಿನಲ್ಲಿ ‘ನೀರಿಲ್ಲದೆ ಕಾರು ತೊಳೆಯಿರಿ’ ಎಂಬ ಬಾಟಲಿ ದೇವರ ಪ್ರಸಾದದಂತೆ ಕಾಣುತ್ತದೆ. ಅದರೊಳಗಿರುವುದು ದೂಳಿನ ಕಣಗಳಿಗೆ ಜಾರುವ ಗುಣ ಕೊಡುವ ಪಾಲಿಮರ್ ದ್ರಾವಣ. ತೆಳ್ಳಗೆ ದೂಳು ಕೂತ, ನೆರಳಲ್ಲಿ ನಿಂತ ಕಾರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಲೆನಾಡಿನ ಕೆಸರು ಮೆತ್ತಿಕೊಂಡು ಬಂದ ಗಾಡಿಗೆ, ಸಂಡೂರಿನ ಗಣಿದಾರಿಯ ಕೆಂಪು ಪುಡಿ ಹೊತ್ತು ಬಂದ ಗಾಡಿಗೆ ಅದನ್ನು ಚಿಮುಕಿಸಿ ಒರೆಸಿದರೆ ಉಪ್ಪುಕಾಗದ ಉಜ್ಜಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ.

ತಾವರೆಯ ಎಲೆಯನ್ನು ನಿಜವಾಗಿಯೂ ನಕಲು ಮಾಡಿದ ಸಾಮಾನು ಇಲ್ಲವೆಂದಲ್ಲ. 2013ರಲ್ಲಿ ಅಮೆರಿಕದ ರಸ್ಟ್-ಓಲಿಯಂ ಕಂಪನಿ ‘ನೆವರ್‌ವೆಟ್’ ಎಂಬ ಸ್ಪ್ರೇಯನ್ನು ಮಾರುಕಟ್ಟೆಗೆ ತಂದಾಗ ಅದರ ವಿಡಿಯೊಗಳು ಜಗತ್ತಿನಾದ್ಯಂತ ಓಡಿದವು. ಬಿಳಿ ಶೂ ಮೇಲೆ ಸುರಿದ ಚಾಕೊಲೇಟ್ ಸಾಸ್ ಕಲೆಯಿಲ್ಲದೆ ಜಾರಿಹೋಗುತ್ತಿತ್ತು. ನೀರು ನಿಜಕ್ಕೂ ನಿಲ್ಲುತ್ತಿರಲಿಲ್ಲ. ಆದರೆ ಗುಬುಟಿನ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ: ಹಚ್ಚಿದ ಜಾಗ ಮಂಜು ಕವಿದ ಗಾಜಿನಂತೆ ಬೆಳ್ಳಗಾಗುತ್ತಿತ್ತು, ಉಜ್ಜಿದರೆ ಗುಣ ಹೋಗುತ್ತಿತ್ತು. ಕಾರಿನ ಬಣ್ಣಕ್ಕೆ, ಕನ್ನಡಿಗೆ, ವಿಂಡ್‌ಶೀಲ್ಡಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ವಿಂಡ್‌ಶೀಲ್ಡಿಗೆಂದೇ ಮಾಡಿದ ಮಳೆನೀರು ತಡೆಯುವ ದ್ರಾವಣಗಳು ಅಮೆರಿಕದಲ್ಲಿ 1970ರ ದಶಕದಿಂದಲೂ ಇವೆ. ರೈನ್-ಎಕ್ಸ್ ಅವುಗಳಲ್ಲಿ ಹೆಸರಾದದ್ದು. ಹೆದ್ದಾರಿಯಲ್ಲಿ ಕಾರು ವೇಗ ಹಿಡಿದಾಗ ಗಾಳಿಯೇ ಹನಿಗಳನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ, ವೈಪರ್ ಬೇಕೆನಿಸುವುದೇ ಇಲ್ಲ. ಅದೇ ಕಾರು ಆಗುಂಬೆ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಏರುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಸಾಗುವಾಗ ಹನಿಗಳನ್ನು ತಳ್ಳುವ ಗಾಳಿ ಎಲ್ಲಿಂದ ಬರಬೇಕು? ಗಾಜಿನ ತುಂಬ ಮಣಿಗಳು ನಿಂತು, ಎದುರಿನ ಹೆಡ್‌ಲೈಟ್ ಒಂದೊಂದು ಮಣಿಯಲ್ಲೂ ಒಡೆದು ಕಾಣುತ್ತದೆ. ಲೇಪ ಅರ್ಧ ಸವೆದ ಮೇಲೆ ವೈಪರ್ ರಬ್ಬರ್ ಜಾರದೆ ಕುಪ್ಪಳಿಸಿ ಕಿರ್ರೆನ್ನುವುದು ಬೇರೆ.

‘ಟೆಫ್ಲಾನ್ ಕೋಟಿಂಗ್’ ಎಂಬ ಮಾತು ನಮ್ಮ ಶೋರೂಮ್‌ಗಳಲ್ಲಿ ಇನ್ನೂ ಸತ್ತಿಲ್ಲ. ಹೊಸ ಕಾರಿನ ಬಿಲ್ಲಿಗೆ ವಿಮೆ, ಮ್ಯಾಟ್, ಮಡ್‌ಫ್ಲ್ಯಾಪ್ ಸೇರಿಸಿದ ಮೇಲೆ ‘ಟೆಫ್ಲಾನೂ ಹಾಕಿಸಿಬಿಡಿ’ ಎನ್ನುತ್ತಾರೆ. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಈ ವಸ್ತು ದೋಸೆ ಕಾವಲಿಯ ಮೇಲೆ ಮಾಡುವ ಕೆಲಸವನ್ನು ಎಲ್ಲರೂ ನೋಡಿದ್ದಾರೆ. ಹಿಟ್ಟು ಅಂಟದ ಕಾವಲಿ ಎಂದರೆ ಕೊಳೆ ಅಂಟದ ಕಾರು ಎಂದು ಮನಸ್ಸು ತಾನಾಗಿಯೇ ಸೇತುವೆ ಕಟ್ಟಿಕೊಳ್ಳುತ್ತದೆ. ಆದರೆ ಆ ವಸ್ತು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವಲಿಯ ತಯಾರಿಕೆಯಲ್ಲಿ ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯಿಸಿ ಕಣಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಕಾರನ್ನು ಅಷ್ಟು ಬೇಯಿಸಿದರೆ ಉಳಿಯುವುದು ಎಂಜಿನ್ ಮತ್ತು ಚಾಸಿ. ಹಾಗಾಗಿ ವ್ಯಾಕ್ಸ್‌ನಲ್ಲಿ ಬೆರೆಸಿದ ಟೆಫ್ಲಾನ್ ಪುಡಿ ಬಣ್ಣಕ್ಕೆ ಬೆಸೆದುಕೊಳ್ಳದೆ ವ್ಯಾಕ್ಸ್ ಹೋದಾಗ ಅದರ ಜೊತೆಗೇ ಹೋಗುತ್ತದೆ. ಇದೇ ಪುಡಿಯನ್ನು ಎಂಜಿನ್ ಆಯಿಲ್‌ಗೆ ಬೆರೆಸಿ ‘ಸವಕಳಿ ಅರ್ಧಕ್ಕರ್ಧ ಕಡಿಮೆ’ ಎಂದು ಜಾಹೀರಾತು ಕೊಟ್ಟ ‘ಸ್ಲಿಕ್ 50’ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಧಾರವಿಲ್ಲದ ಹೇಳಿಕೆಯ ಆರೋಪ ಹೊರಿಸಿತ್ತು. 1997ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಪುರಾವೆಯಿಲ್ಲದೆ ಅಂಥ ಮಾತು ಆಡುವಂತಿಲ್ಲವೆಂದು ಕಂಪನಿ ಒಪ್ಪಬೇಕಾಯಿತು.

ಕಾರ್ನೌಬಾ ವ್ಯಾಕ್ಸ್ ಇದಕ್ಕಿಂತ ಸಭ್ಯ ಸರಕು. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ಜಾತಿಯ ತಾಳೆಮರದ ಎಲೆಯಿಂದ ಕೆರೆದು ತೆಗೆಯುವ ಮೇಣ. ಕರಗಲು 82 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಕೊಡುವ ಹೊಳಪು ಆಳವಾದದ್ದು. ಡಬ್ಬಿಯ ಮೇಲೆ ‘ನೂರಕ್ಕೆ ನೂರು ಶುದ್ಧ ಕಾರ್ನೌಬಾ’ ಎಂದಿದ್ದರೆ ಮಾತ್ರ ಸ್ವಲ್ಪ ತಡೆಯಬೇಕು. ಅಪ್ಪಟ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಕಾರಿಗೆ ಹಚ್ಚುವುದಿರಲಿ, ಬೆರಳಿಗೂ ಅಂಟದು. ದ್ರಾವಕ, ಎಣ್ಣೆ, ಬೇರೆ ಮೇಣ ಬೆರೆಸಿದರಷ್ಟೇ ಅದು ಬೆಣ್ಣೆಯ ಹದಕ್ಕೆ ಬರುವುದು. ಶುದ್ಧ ತುಪ್ಪದ ಮೈಸೂರು ಪಾಕ್ ಎಂದರೆ ತುಪ್ಪ ಶುದ್ಧವೆಂದು ಅರ್ಥವೇ ಹೊರತು ತಟ್ಟೆಯಲ್ಲಿ ಕಡಲೆಹಿಟ್ಟು, ಸಕ್ಕರೆ ಇಲ್ಲವೆಂದಲ್ಲವಲ್ಲ. ಬಿಸಿಲಿಗೆ ನಿಲ್ಲುವ ಕಾರಿನ ಮೇಲೆ ಈ ಹೊಳಪಿನ ಆಯುಸ್ಸು ಕೆಲವು ವಾರ. ಹಬ್ಬಕ್ಕೆ ಹಚ್ಚಿದರೆ ಮುಂದಿನ ಹಬ್ಬದ ಹೊತ್ತಿಗೆ ಮತ್ತೆ ಹಚ್ಚಬೇಕು.

ಈ ವ್ಯಾಪಾರದ ಜೀವಾಳ ಸೀಸೆಯೊಳಗಿನ ದ್ರವವಲ್ಲ, ಪ್ರದರ್ಶನ. 1940ರ ದಶಕದಲ್ಲಿ ಷಿಕಾಗೊದ ಬೆನ್ ಹರ್ಷ್ ಎಂಬವರು ಮನೆಯಲ್ಲೇ ಪಾಲಿಶ್ ಕಲಸಿ ಮಾರುತ್ತಿದ್ದರು. ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದ ಹೊರಗೆ ನಿಂತ ಕಾರುಗಳ ಒಂದೊಂದು ಮಡ್‌ಗಾರ್ಡನ್ನು ಮಾತ್ರ ಉಜ್ಜಿ ಮಿರುಗಿಸಿಟ್ಟು, ಆಟ ಮುಗಿಸಿ ಬರುವ ಮಾಲೀಕರಿಗಾಗಿ ಕಾಯುತ್ತಿದ್ದರೆಂಬ ಕತೆ ಅವರ ಬಗ್ಗೆ ಇದೆ. ಒಂದು ಕಡೆ ಕನ್ನಡಿ, ಉಳಿದ ಮೂರು ಕಡೆ ಮಸುಕು. ಅದನ್ನು ಹಾಗೇ ಬಿಟ್ಟು ಮನೆಗೆ ಹೋಗಲು ಯಾರಿಗೆ ಮನಸ್ಸಾದೀತು? ಆ ಪಾಲಿಶ್ ಮುಂದೆ ‘ಟರ್ಟಲ್ ವ್ಯಾಕ್ಸ್’ ಆಯಿತು, ಆಮೆಯ ಚಿಪ್ಪಿನ ಗಟ್ಟಿತನವನ್ನು ಹೆಸರಿನಲ್ಲೇ ಇಟ್ಟುಕೊಂಡು. ಇವತ್ತು ಬಾನೆಟ್ಟಿನ ನಡುವೆ ಟೇಪ್ ಅಂಟಿಸಿ ಅರ್ಧ ಮಾತ್ರ ಪಾಲಿಶ್ ಮಾಡಿ ತೋರಿಸುವ ರೀಲ್ಸ್‌ಗಳ ಮುತ್ತಜ್ಜ ಆ ಮಡ್‌ಗಾರ್ಡೇ. ಎರಡು ಭಾಗಗಳ ನಡುವಿನ ವ್ಯತ್ಯಾಸ ಬಹುಪಾಲು ಉಜ್ಜಿದ್ದರಿಂದ ಬಂದದ್ದು; ಆಮೇಲೆ ಹಚ್ಚಿದ ದುಬಾರಿ ದ್ರವದಿಂದ ಅಲ್ಲ.

ಬೆಂಕಿಯ ಪ್ರದರ್ಶನ ಇನ್ನೂ ಮಜವಾಗಿದೆ. ಬಾನೆಟ್ ಮೇಲೆ ಲೈಟರ್ ದ್ರವ ಚೆಲ್ಲಿ ಕಡ್ಡಿ ಗೀರುತ್ತಾರೆ. ಜ್ವಾಲೆ ಏಳುತ್ತದೆ, ಆರುತ್ತದೆ, ಒರೆಸಿದರೆ ಬಣ್ಣ ಹಾಗೇ ಇದೆ! ಚಪ್ಪಾಳೆ. ಆದರೆ ಉರಿಯುವುದು ದ್ರವದ ಮೇಲಿನ ಆವಿ. ಅಡಿಯಲ್ಲಿರುವ ದ್ರವ ಆವಿಯಾಗುತ್ತ ಮೇಲ್ಮೈಯನ್ನು ತಂಪಾಗಿಯೇ ಇಡುತ್ತದೆ, ಅದೂ ಕೆಲವೇ ಕ್ಷಣ. ಏನೂ ಹಚ್ಚದ ಬಾನೆಟ್ ಕೂಡ ಈ ಅಗ್ನಿಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆದ್ದುಬರುತ್ತದೆ. ಮನೆಯಲ್ಲಿ ಮಾಡಿನೋಡುವ ಪ್ರಯೋಗ ಮಾತ್ರ ಇದಲ್ಲ.

ಗೀರು ಮಾಯ ಮಾಡುವ ಪೆನ್ನು, ಬಟ್ಟೆ, ಪೇಸ್ಟುಗಳ ವಿಷಯಕ್ಕೆ ಬಂದರೆ ಡೆಂಟಿಂಗ್-ಪೇಂಟಿಂಗ್ ಅಂಗಡಿಯ ಮೇಸ್ತ್ರಿಗಳ ಉಗುರು ಪರೀಕ್ಷೆ ನೆನಪಿಟ್ಟುಕೊಳ್ಳಬೇಕು. ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯುತ್ತಾರೆ. ಉಗುರು ತಡೆಯದಿದ್ದರೆ ಗೀರು ಕ್ಲಿಯರ್ ಕೋಟ್‌ನ ಮೇಲ್ಭಾಗದಲ್ಲಷ್ಟೇ ಇದೆ, ಪಾಲಿಶ್‌ಗೆ ಹೋಗುತ್ತದೆ. ತಡೆದರೆ ಆಳಕ್ಕಿಳಿದಿದೆ, ಯಾವ ಟ್ಯೂಬೂ ಅದನ್ನು ಮುಚ್ಚದು. ಅಗ್ಗದ ಪೇಸ್ಟುಗಳು ಮಾಡುವುದು ಎರಡರಲ್ಲೊಂದು ಕೆಲಸ. ಒಂದೋ ಸುತ್ತಲ ಕ್ಲಿಯರ್ ಕೋಟನ್ನು ಗೀರಿನ ತಳದವರೆಗೆ ಸವೆಸಬೇಕು, ಇಲ್ಲವೋ ಗೀರಿನೊಳಗೆ ಎಣ್ಣೆ-ಮೇಣ ತುಂಬಿ ಕಣ್ಣಿಗೆ ಮಣ್ಣೆರಚಬೇಕು. ತುಂಬಿದ್ದು ನಾಲ್ಕು ಸಲ ಶಾಂಪೂ ಬಿದ್ದ ಮೇಲೆ ತೊಳೆದುಹೋಗಿ ಗೀರು ಮತ್ತೆ ಹಾಜರು. ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಐವತ್ತು ಮೈಕ್ರಾನಿನ ಬಂಡವಾಳದಲ್ಲಿ ಪ್ರತಿ ವರ್ಷ ಮೂರು ನಾಲ್ಕು ಖರ್ಚು ಮಾಡುವವರ ಕಾರಿನ ಮೂಲೆಗಳಲ್ಲಿ ಕೆಲವೇ ವರ್ಷಕ್ಕೆ ಕ್ಲಿಯರ್ ಕೋಟ್ ಸುಲಿದು ಬಿಳಿಚಿಕೊಳ್ಳುವುದು ಇದಕ್ಕೇ.

ಹಳದಿಗಟ್ಟಿದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಉಜ್ಜುವ ಮನೆಮದ್ದಿನದ್ದೂ ಇದೇ ಪಾಡು. ಹಿಂದೆ ಹೆಡ್‌ಲೈಟಿನ ಮುಖ ಗಾಜಿನದಾಗಿತ್ತು. ಅಮೆರಿಕ 1983ರಲ್ಲಿ ಪಾಲಿಕಾರ್ಬೊನೇಟಿಗೆ ಒಪ್ಪಿಗೆ ಕೊಟ್ಟ ಮೇಲೆ ನಿಧಾನವಾಗಿ ಎಲ್ಲೆಡೆ ಈ ಪ್ಲಾಸ್ಟಿಕ್ಕೇ ಬಂತು. ಅದಕ್ಕೆ ಬಿಸಿಲು ಆಗದು, ಆದ್ದರಿಂದ ಕಾರ್ಖಾನೆಯಲ್ಲಿ ಮೇಲೊಂದು ರಕ್ಷಣೆಯ ಪೊರೆ ಕೊಟ್ಟಿರುತ್ತಾರೆ. ಆ ಪೊರೆ ಹಾಳಾದಾಗಲೇ ಹಳದಿ ಬಣ್ಣ ಕಾಣುವುದು. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದೇ ಇರುವ ಸಣ್ಣ ಪುಡಿ ಹಳದಿಯನ್ನು ಕೆರೆದು ತೆಗೆಯುತ್ತದೆ, ಅಳಿದುಳಿದ ಪೊರೆಯನ್ನೂ ಸೇರಿಸಿ. ಆ ಸಂಜೆ ಲೈಟು ಫಳಫಳ. ಬರಿಮೈಯ ಪ್ಲಾಸ್ಟಿಕ್ ಒಂದೆರಡು ತಿಂಗಳ ಬಿಸಿಲಿಗೆ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಇದು ಬರೀ ಅಂದದ ಮಾತಲ್ಲ. ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಮಬ್ಬಾದ ಹೆಡ್‌ಲೈಟ್‌ಗಳು ಲೋ ಬೀಮ್‌ನಲ್ಲಿ ಕೊಟ್ಟ ಬೆಳಕು ಹೊಸದರ ಸುಮಾರು ಐದನೇ ಒಂದು ಭಾಗ ಮಾತ್ರವಾಗಿತ್ತು. ಮರಳುಕಾಗದದಿಂದ ಉಜ್ಜಿ, ಮೇಲೆ ಬಿಸಿಲು ತಡೆಯುವ ಹೊಸ ಲೇಪ ಕೊಡುವ ಕಿಟ್‌ಗಳು ಹೇಳಿದ ಕೆಲಸವನ್ನು ಮಾಡುತ್ತವೆ. ಲೇಪದ ಪುಟ್ಟ ಪ್ಯಾಕೆಟ್ಟಿಲ್ಲದ ಕಿಟ್ ಟೂತ್‌ಪೇಸ್ಟಿನ ದುಬಾರಿ ಅಣ್ಣ.

ಒಳಗಿನ ಡ್ಯಾಶ್‌ಬೋರ್ಡ್ ಪಾಲಿಶ್‌ಗಳಲ್ಲಿ ಹೆಚ್ಚಿನವು ಸಿಲಿಕೋನ್ ಎಣ್ಣೆ. ಹಚ್ಚಿದ ದಿನ ಎಣ್ಣೆ ಸವರಿದ ಬದನೆಕಾಯಿಯ ಹಾಗೆ ಮಿರುಗುತ್ತದೆ. ಮರುದಿನದಿಂದ ಕಿಟಕಿ ಇಳಿಸಿದಾಗ ಬಂದ ದೂಳೆಲ್ಲ ಅದಕ್ಕೇ ಅಂಟುತ್ತದೆ. ಮಧ್ಯಾಹ್ನ ಆ ಮಿರುಗು ವಿಂಡ್‌ಶೀಲ್ಡಿನಲ್ಲಿ ಪ್ರತಿಫಲಿಸಿ ರಸ್ತೆಯ ಮೇಲೊಂದು ಬಿಳಿ ಪರದೆ ಎಳೆಯುತ್ತದೆ. ಪೇಂಟ್ ಬೂತ್ ಕೆಲಸದವರಿಗಂತೂ ಸಿಲಿಕೋನ್ ಎಂದರೆ ಸಿಡುಕು. ತಗಡಿನ ಮೇಲೆ ಅದರ ಸೋಂಕು ಉಳಿದರೆ ಹೊಸ ಬಣ್ಣ ಅಲ್ಲಿ ಕೂರದೆ ದುಂಡನೆಯ ಗುಳಿ ಬೀಳುತ್ತದೆ. ‘ಫಿಶ್ ಐ’ ಬಂತು ಎಂದು ತಲೆ ಚಚ್ಚಿಕೊಂಡು ಮತ್ತೆ ಉಜ್ಜುತ್ತಾರೆ. ಟೈರಿಗೆ ಹಚ್ಚುವ ಕಪ್ಪು ಹೊಳಪಿನದೂ ಇದೇ ಜಾತಿ. ಗಾಡಿ ಹೊರಟ ಎರಡನೇ ಕಿಲೋಮೀಟರಿಗೆ ಅದು ಟೈರಿನಿಂದ ಸಿಡಿದು ಡೋರಿನ ಮೇಲೆ ಚುಕ್ಕೆಯಿಡುತ್ತದೆ. ಹಳೆಯ ವಾಟರ್ ಸರ್ವಿಸ್ ಅಂಗಡಿಗಳು ಡೀಸೆಲ್ ಒರೆಸಿಯೇ ಬಂಪರ್, ಟೈರು, ಗಾಡಿಯ ಅಡಿಭಾಗವನ್ನು ಕರ್ರಗೆ ಮಿಂಚಿಸುತ್ತಿದ್ದವು, ಕೆಲವೆಡೆ ಈಗಲೂ ಹಾಗೆಯೇ. ಕಣ್ಣಿಗೆ ಹಬ್ಬ, ರಬ್ಬರಿಗೆ ಉಪವಾಸ. ಸೀಟಿನ ‘ಲೆದರ್ ಕಂಡಿಷನರ್’ ಬಗ್ಗೆ ಒಂದೇ ಮಾತು ಸಾಕು: ನಮ್ಮಲ್ಲಿ ಓಡುವ ಬಹುತೇಕ ಕಾರುಗಳ ‘ಲೆದರ್’ ಸೀಟು ರೆಕ್ಸಿನ್ನಿನ ತಮ್ಮ; ಅದಕ್ಕೆ ಎಣ್ಣೆ ಕುಡಿಸುವುದೆಂದರೆ ಬಕೆಟ್ಟಿಗೆ ಎಣ್ಣೆ ಕುಡಿಸಿದ ಹಾಗೆ.

ಜಾಗ ತಪ್ಪಿದ ಸತ್ಯಕ್ಕೆ ಎಲ್ಲಕ್ಕಿಂತ ಸೊಗಸಾದ ಉದಾಹರಣೆ ತುಕ್ಕು ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ತಗಡಿಗೆ ಕಬ್ಬಿಣದ ತುಂಡು ಜೋಡಿಸಿ, ಆ ಕಬ್ಬಿಣ ತಾನು ಸವೆದು ತಾಮ್ರವನ್ನು ಉಳಿಸುತ್ತದೆ ಎಂದು ತೋರಿಸಿದರು. ಹಡಗು, ಬಂದರಿನ ಕಂಬ, ನೆಲದಡಿಯ ಪೈಪುಗಳಲ್ಲಿ ಇದೇ ತತ್ತ್ವ ಇವತ್ತಿಗೂ ದುಡಿಯುತ್ತಿದೆ. ವಿದ್ಯುತ್ತು ಹರಿಯುವ ದಾರಿಯಾಗಿ ಅಲ್ಲಿ ಸುತ್ತಲೂ ಉಪ್ಪುನೀರು ಅಥವಾ ಒದ್ದೆ ಮಣ್ಣು ಇದೆ. ಅದನ್ನೇ ಬ್ಯಾಟರಿಗೆ ಜೋಡಿಸುವ ಪೆಟ್ಟಿಗೆಯಾಗಿಸಿ ಕಾರಿಗೆ ಮಾರಿದರು. ಕಾರಿನ ಸುತ್ತ ಇರುವುದು ಗಾಳಿ. ಸರ್ಕೀಟು ಪೂರ್ತಿಯಾಗುವುದೇ ಇಲ್ಲ. ‘ರಸ್ಟ್ ಇವೇಡರ್’ ಹೆಸರಿನ ಅಂಥ ಪೆಟ್ಟಿಗೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲಿ ಕ್ರಮ ಕೈಗೊಂಡಿತು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಡೋರಿನ ಕೆಳ ಅಂಚು ಉಬ್ಬಿ ಬರುವುದು ಹೊರಗಿನಿಂದಲ್ಲ, ಒಳಗಿನಿಂದ. ಅಲ್ಲಿ ನೀರು ಹರಿದುಹೋಗಲೆಂದು ಇಟ್ಟ ತೂತುಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡಾಗ. ಒಂದು ಕಡ್ಡಿ ಹಾಕಿ ಆ ತೂತು ಬಿಡಿಸುವುದಕ್ಕೆ ಖರ್ಚಿಲ್ಲ, ಹಾಗಾಗಿ ಜಾಹೀರಾತೂ ಇಲ್ಲ.

ಕೋಟಿಂಗ್ ಸೀಸೆಗಳ ಮೇಲೆ ಈಚೆಗೆ ಕಾಣುವ ಹೆಸರು ಗ್ರಾಫೀನ್. ಆಂದ್ರೆ ಗೈಮ್ ಮತ್ತು ಕೊನ್‌ಸ್ಟಾಂಟಿನ್ ನೊವೊಸೆಲೊವ್ ಮ್ಯಾಂಚೆಸ್ಟರ್‌ನಲ್ಲಿ 2004ರಲ್ಲಿ ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಬೇರ್ಪಡಿಸಿ, 2010ರಲ್ಲಿ ನೊಬೆಲ್ ಪಡೆದರು. ಉಕ್ಕಿಗಿಂತ ನೂರಾರು ಪಟ್ಟು ಬಲ ಎನ್ನುವುದು ಆ ಅಖಂಡ ಹಾಳೆಯ ಗುಣ. ಸೀಸೆಯಲ್ಲಿ ಇದ್ದರೂ ಅದರ ಚೂರುಪಾರು ಅಷ್ಟೆ, ಉಳಿದದ್ದು ಸೆರಾಮಿಕ್ ಕೋಟಿಂಗಿನ ಹಳೆಯ ಸಿಲಿಕಾ ದ್ರಾವಣವೇ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ.

ಇಷ್ಟೆಲ್ಲ ಹೇಳಿದ ಮೇಲೆ, ನಿಜಕ್ಕೂ ಕೆಲಸ ಮಾಡುವವರ ಹೆಸರನ್ನೂ ಹೇಳದಿದ್ದರೆ ಅನ್ಯಾಯ. ಒಳ್ಳೆಯ ಶಾಂಪೂ, ಎರಡು ಬಕೆಟ್, ಮೈಕ್ರೊಫೈಬರ್ ಬಟ್ಟೆ ಮೂರೂ ನಂಬಿಕಸ್ತರು. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಪುಡಿಯನ್ನು ಕರಗಿಸುವ ದ್ರಾವಣವೂ ಹಾಗೆಯೇ. ಸಿಂಪಡಿಸಿದೊಡನೆ ನೇರಳೆ ಬಣ್ಣಕ್ಕೆ ತಿರುಗಿ ಚಕ್ರದಿಂದ ರಕ್ತ ಸುರಿದಂತೆ ಇಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ. ಕೂದಲು ಗುಂಗುರು ಮಾಡುವ ಬ್ಯೂಟಿ ಪಾರ್ಲರಿನ ದ್ರಾವಣದಲ್ಲಿರುವ ರಾಸಾಯನಿಕದ ಒಡಹುಟ್ಟು ಅದು. ಸೆರಾಮಿಕ್ ಲೇಪವನ್ನೂ ಪೂರ್ತಿ ತಳ್ಳಿಹಾಕಬೇಕಿಲ್ಲ. ಕೊಳೆ ಸುಲಭವಾಗಿ ಬಿಡುತ್ತದೆ, ತೊಳೆಯುವ ಸಮಯ ಉಳಿಯುತ್ತದೆ, ಹೊಳಪು ಮೇಣಕ್ಕಿಂತ ಬಹುಕಾಲ ನಿಲ್ಲುತ್ತದೆ. ‘ತೊಳೆಯುವುದು ಸುಲಭ’ ಎಂದಷ್ಟೇ ಹೇಳಿದ್ದರೆ ಅದರ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಆದರೆ ಆ ಮಾತಿಗೆ ಯಾರು ಮೂವತ್ತು ಸಾವಿರ ಕೊಟ್ಟಾರು?

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. 2022ರ ಜೂನ್‌ನಲ್ಲಿ ಇದರ ಮಾರ್ಗಸೂಚಿಗಳೂ ಬಂದಿವೆ. ಕೋಟಿಂಗ್ ಮಾರುವವರು ಬಲ್ಲ ಕಾನೂನು ಬೇರೆ, ಅದು ವಾರಂಟಿ ಕಾರ್ಡಿನ ಹಿಂಬದಿಯಲ್ಲಿರುತ್ತದೆ. ಐದು ವರ್ಷದ ವಾರಂಟಿ, ಆದರೆ ಆರು ತಿಂಗಳಿಗೊಮ್ಮೆ ಅವರಲ್ಲೇ ಹಣ ಕೊಟ್ಟು ಸರ್ವಿಸ್ ಮಾಡಿಸಿರಬೇಕು. ಗೀರು ಬಿದ್ದರೆ ಇಲ್ಲ. ನೀರಿನ ಕಲೆಗೆ ಇಲ್ಲ. ಹಕ್ಕಿ ಹಿಕ್ಕೆಗೆ, ಮರದ ಅಂಟಿಗೆ, ಕಲ್ಲೇಟಿಗೆ, ಅಪಘಾತಕ್ಕೆ ಇಲ್ಲ. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸುವ ಊರಿನಲ್ಲಿ ಇವೆಲ್ಲ ಕಳೆದು ಉಳಿಯುವ ವಾರಂಟಿ ಯಾವುದಕ್ಕೆ ಎಂದು ಕೇಳಿದರೆ ಕಾರ್ಡಿನ ಮುಂಬದಿಯನ್ನು ಮತ್ತೊಮ್ಮೆ ತೋರಿಸುತ್ತಾರೆ.

ಕಾರನ್ನು ಒಪ್ಪಿಸುವಾಗ ಕೊಡುವ ಸೂಚನೆಯೊಂದು ಮಾತ್ರ ಎಲ್ಲ ಅಂಗಡಿಗಳಲ್ಲೂ ಒಂದೇ: ಲೇಪ ಪೂರ್ತಿ ಗಟ್ಟಿಯಾಗಲು ದಿನಗಳು ಬೇಕು, ಒಂದು ವಾರ ನೀರು ಮುಟ್ಟಿಸಬೇಡಿ. ಮಾಲೀಕರು ತಲೆಯಾಡಿಸಿ, ಕನ್ನಡಿಯಂತೆ ಮಿರುಗುವ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಬಂದು ಬೇಸ್‌ಮೆಂಟಿನಲ್ಲಿ ನಿಲ್ಲಿಸುತ್ತಾರೆ, ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯುತ್ತಾರೆ, ಲಿಫ್ಟ್ ಹತ್ತುತ್ತಾರೆ. ಒರೆಸುವ ಹುಡುಗನಿಗೆ ಒಂದು ಮಾತು ಹೇಳಬೇಕೆಂಬುದು ಹೊಳೆಯುವುದು ಮಾರನೆಯ ಬೆಳಿಗ್ಗೆ ಏಳಕ್ಕೆ, ಕಾಫಿ ಕುಡಿಯುವಾಗ. ಅಷ್ಟು ಹೊತ್ತಿಗೆ ಅವನು ಹನ್ನೆರಡನೆಯ ಕಾರಿನಲ್ಲಿರುತ್ತಾನೆ, ಇವರದು ಒಂಬತ್ತನೆಯದು.